ಮೊದಲ ತುತ್ತು ಗಂಗುಲಮ್ಮನದು

ಅಣ್ಣನ ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿದ ಎಂಟನೆಯ ದಿನ, ಬೆಳಗಿನ ಮೊದಲ ಬಸ್ಸಿಗೆ ತೊಂಡೇಬಾವಿಯಿಂದ ಹೊರಟೆವು. ಗೌರಿಬಿದನೂರಿನ ಡಾಕ್ಟರು “ಇವತ್ತೇ ಅಡ್ಮಿಟ್ ಆಗಿ” ಎಂದಿದ್ದರು. ಅಣ್ಣ ಒಪ್ಪಿರಲಿಲ್ಲ. ಅವನಿಗೆ ಇಪ್ಪತ್ತಾಗಿದ್ದಾಗ ಕಾಮಾಲೆ ಇಳಿಸಿದವರು ಸಾದಲಿ ಕಡೆಯ ನಾಯಕರ ಕೇರಿಯ ಗಂಗುಲಮ್ಮ. ಐವತ್ತರಲ್ಲೂ ಆ ಅಧಿಕಾರ ಅವರದೇ ಎಂಬುದು ಅವನ ಅಂತಿಮ ತೀರ್ಪು.

ಮದ್ದಿಗೆ ಖಾಲಿ ಹೊಟ್ಟೆ ಬೇಕು. ಹಿಂದಿನ ಸಂಜೆಯಿಂದ ಅಣ್ಣ ನೀರನ್ನೂ ಮುಟ್ಟದೆ, ಮಠಾಧಿಪತಿಗಳೂ ನಾಚುವಂಥ ಉಪವಾಸ ಹಿಡಿದಿದ್ದ. ಕಿಟಕಿಯ ಸೀಟನ್ನು ಮಾತ್ರ ತ್ಯಾಗ ಮಾಡಲಿಲ್ಲ. “ರೋಗಿ ನಾನು ಕಣೋ, ಗಾಳಿ ನಂಗ್ ಬೇಕು.” ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವಾಗ, ಸ್ಟ್ಯಾಂಡಿನ ಹಿಂದೆ ನಿಂತು ಕಳ್ಳನಂತೆ ನಾಲ್ಕು ಇಡ್ಲಿ ನುಂಗಿದೆ. ಶಿಡ್ಲಘಟ್ಟ ದಾಟಿ ಸಾದಲಿಯಲ್ಲಿ ಇಳಿದಾಗ ಹತ್ತೂವರೆ. ಅಲ್ಲಿಂದ ಆಟೋಗೆ ನೂರು ರೂಪಾಯಿ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಗಂಗುಲಮ್ಮ ಅಣ್ಣನ ರೆಪ್ಪೆ ಎತ್ತಿ ನೋಡಿ, ತೋಟದ ಬದುವಿಗೆ ನಡೆದರು. ನಾವೂ ಹಿಂದೆ ಹೋದೆವು. ಕಾಮಾಲೆಯ ಮದ್ದಾದ ನೆಲನೆಲ್ಲಿಯನ್ನು ಅವರು ಕೀಳುವುದು ಹಿಪ್ಪುನೇರಳೆ ತೋಟದಲ್ಲೇ. ರೇಷ್ಮೆ ಹುಳು ಸಾಯುವ ಭಯಕ್ಕೆ ಅಲ್ಲಿ ಯಾರೂ ವಿಷ ಹೊಡೆಯುವುದಿಲ್ಲ. ರೋಗಿಗೆ ಕೊಡುವ ಮುಂಚೆ ಮೊದಲ ತುತ್ತನ್ನು ತಾವೇ ತಿಂದು ಅರ್ಧ ಗಂಟೆ ಕಾಯುವುದು ಅವರ ಮನೆತನದ ಕಟ್ಟಳೆ. ವೈದ್ಯಲೋಕದಲ್ಲಿ ಇನ್ನಾರೂ ಪಾಲಿಸದ ಈ ಕಟ್ಟಳೆಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ.

ಒಂದು ಎಸಳು ಅಗಿದವರೇ ಥೂ ಎಂದು ಉಗಿದು, ಬಾಯಿ ಮುಕ್ಕಳಿಸಿದರು.

“ಪಕ್ಕದೋರು ರೇಷ್ಮೆ ಸೊಪ್ಪಿನ ತೋಟ ಕಿತ್ತು ದ್ರಾಕ್ಷಿ ಹಾಕವ್ರೆ. ಬದೂಗೆಲ್ಲ ಕಳೆನಾಶಕ. ಹೋದ್ ವಾರ ಆ ಕಡೇದು ತಿಂದು, ನೋಡಪ್ಪ ನಾಲಿಗೆ! ಈ ಕಡೆ ಬಿಟ್ಟಿರ್ತಾರೆ ಅಂದ್ಕೊಂಡೆ, ಇದಕ್ಕೂ ಬಿದ್ದದೆ.”

ನಾಲಿಗೆಯ ತುಂಬ ಬಿಳಿ ಹುಣ್ಣು.

“ತೊಳ್ಕೊಂಡ್ ತಿಂತೀನಿ, ಕೊಡಮ್ಮ,” ಎಂದ ಅಣ್ಣ.

“ವದ್ದು ನಾಯನಾ, ಬ್ಯಾಡ! ತೊಳುದ್ರೆ ಹೋಗೋದಾಗಿದ್ರೆ ನಂಗ್ಯಾಕ್ ಹುಣ್ಣಾಗ್ತಿತ್ತು? ಆಸ್ಪತ್ರೆಗ್ ಹೋಗು. ನನ್ ಹತ್ರ ಇನ್ನೇನೂ ಇಲ್ಲ.”

ಗಂಗುಲಮ್ಮ ಮನೆಯತ್ತ ನಡೆದರು. ಅಣ್ಣನನ್ನು ಬದುವಿನ ಮೇಲೆ ಕೂರಿಸಿ, ನಾನು ಆಟೋ ಹುಡುಕಲು ರಸ್ತೆಗೆ ಹೋದೆ. ಅಷ್ಟೇ ನಾನು ಮಾಡಿದ್ದು.

ವಾಪಸು ಬಸ್ಸಿನಲ್ಲಿ, ಶಿಡ್ಲಘಟ್ಟ ಹತ್ತಿರವಾದಾಗ, ಅವನ ತುಟಿಯಂಚಿನಲ್ಲಿ ಹಸಿರು ಕಂಡಿತು.

“ಏನಣ್ಣ ತಿಂದೆ?”

“ಒಂದ್ ಹಿಡಿ ನೆಲನೆಲ್ಲಿ. ಮೊದಲ್ನೇ ತುತ್ತು ಗಂಗುಲಮ್ಮಂದೇ ಆಯ್ತಲ್ಲ, ನಂಗೇನ್ ಭಯ?”

“ಆಯಮ್ಮ ಉಗುದ್ಬಿಟ್ರಲ್ಲಣ್ಣ!”

“ಬಾಯಿಗಿಟ್ರೆ ತಿಂದಂಗೇ ಕಣೋ. ಸುಮ್ನಿರು.”

ಚಿಕ್ಕಬಳ್ಳಾಪುರದಲ್ಲಿ ಇಳಿಸಿ ನೇರ ಆಸ್ಪತ್ರೆಗೆ ಸೇರಿಸಿದೆ. ಡಾಕ್ಟರು ಎಲ್ಲ ಕೇಳಿ ಬರೆದುಕೊಂಡರು. “ಅದಕ್ ಮುಂಚೆ ಹೊಟ್ಟೆಗೆ ಏನಾದ್ರೂ ತಗೊಂಡಿದ್ರಾ?”

ನಾನು ಬಾಯಿ ತೆರೆಯುವ ಮುಂಚೆ ಅಣ್ಣ ಹೆಮ್ಮೆಯಿಂದ ಹೇಳಿದ: “ಏನೂ ಇಲ್ಲ ಸಾರ್. ನೆನ್ನೆ ಸಂಜೆಯಿಂದ ತೊಟ್ಟು ನೀರೂ ಇಲ್ಲ.”

“ಖಾಲಿ ಹೊಟ್ಟೆಗೇ ವಿಷ ಬೇಗ ಏರೋದು,” ಎಂದು ಡಾಕ್ಟರು ಪೆನ್ನು ಕೆಳಗಿಟ್ಟರು.

ಐದನೆಯ ದಿನ ಆಂಬುಲೆನ್ಸಿನಲ್ಲಿ ತೊಂಡೇಬಾವಿಗೆ ಮರಳಿದೆವು. ಅಣ್ಣನಿಗೆ ಮುಖವೂ ಮುಚ್ಚುವಂತೆ ಬಿಳಿ ಬಟ್ಟೆ ಹೊದಿಸಿದ್ದರು. ಕಿಟಕಿಯ ಸೀಟು ನನಗೆ ಸಿಕ್ಕಿತು.