ರೂತಮ್ಮ ಕೈಚಾಚಿದರು

“ದೇವರು ಕೇಳಿಸ್ಕಂಡ. ಈಗ ಜೇಬಲ್ಲಿರೋದು ಕೊಡಪ್ಪ ಇತ್ಲಾಗೆ!”

ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದು ನಾನಿನ್ನೂ ಕಣ್ಣು ಬಿಡುತ್ತಿದ್ದೆ. ಎದುರಿಗೆ ನಮ್ಮ ಸಭೆಯ ಹಿರಿಯರಾದ ರೂತಮ್ಮ ಕೈಚಾಚಿ ನಿಂತಿದ್ದರು. ಕಡ್ಡಿಪುಡಿ ಬಿಡುವಂತಾಗಲಿ, ಪ್ರಾರ್ಥಿಸಿ ಎಂದು ಎಲ್ಲರನ್ನೂ ಕೇಳಿಕೊಂಡವನು ನಾನೇ. ಬಾಯೊಳಗಿನ ಬಿಳಿ ಮಚ್ಚೆ ನೋಡಿ, ಇನ್ನೂ ಅಗಿದರೆ ಕ್ಯಾನ್ಸರ್ ಆದೀತೆಂದು ಡಾಕ್ಟರ್ ಎಚ್ಚರಿಸಿದ್ದರು. ತೆಪ್ಪಗೆ ಪೊಟ್ಟಣ ತೆಗೆದುಕೊಟ್ಟೆ.

ಮರುದಿನದಿಂದ, ಊಟವಾಗಿ ಬಾಯಿ ಚಡಪಡಿಸುವ ಹೊತ್ತಿಗೆ ಸರಿಯಾಗಿ, ತಿಪಟೂರಿನ ನನ್ನ ಟೈಲರ್ ಅಂಗಡಿಗೆ ಸಭೆಯವರು ಯಾರಾದರೊಬ್ಬರು ಬರತೊಡಗಿದರು. ಒಬ್ಬರು ಜಗಿಯಲು ಕೊಬ್ಬರಿ ಚೂರು ತಂದರು. ಇನ್ನೊಬ್ಬರಂತೂ ಹರಿಯದ ಅಂಗಿಗೆ ಹೊಲಿಗೆ ಹಾಕಿಸಿಕೊಂಡು ಹೋದರು!

ಮೂರನೇ ವಾರ ಹೊನ್ನವಳ್ಳಿಯ ಮದುವೆಯೊಂದರಲ್ಲಿ ಆಸೆ ತಡೆಯಲಾಗದೆ ಮತ್ತೆ ಅಗಿದುಬಿಟ್ಟೆ. ನಾಚಿಕೆಯಾಗಿ ಆ ಭಾನುವಾರ ಆರಾಧನೆಗೇ ಹೋಗಲಿಲ್ಲ. ಮಧ್ಯಾಹ್ನ ರೂತಮ್ಮ ನಾಲ್ಕು ಜನರನ್ನು ಕರೆದುಕೊಂಡು ಮನೆಗೇ ಬಂದರು. ತಲೆ ತಗ್ಗಿಸಿ ನಡೆದದ್ದನ್ನು ಹೇಳಿದೆ.

“ಯೇಸುಸ್ವಾಮಿ ಜೊತೇಲೇ ಇದ್ದ ಶಿಷ್ಯನೇ ‘ಅವರ್ಯಾರೋ ನಂಗೊತ್ತಿಲ್ಲ’ ಅಂತ ಮೂರು ಸಲ ಎಡವ್ಲಿಲ್ವಾ? ನಿಂದಿನ್ನೂ ಒಂದ್ಸಲ ಕಣಪ್ಪ. ಏಳು, ಊಟ ಮಾಡನ,” ಎನ್ನುತ್ತಾ ಅವರು ತಂದಿದ್ದ ಬುತ್ತಿ ಬಿಚ್ಚಿದರು. ಐವರೂ ನನ್ನ ಜೊತೆ ನೆಲದ ಮೇಲೆ ಕೂತು ಉಂಡರು.

ಅಂದಿನಿಂದ ಕಡ್ಡಿಪುಡಿ ಮುಟ್ಟಿಲ್ಲ, ವರ್ಷವಾಯಿತು. ಮಚ್ಚೆಯೂ ಮಾಯವಾಗಿದೆ. ಗೆದ್ದ ಮೇಲೆಯೇ ದೇವರ ಮುಂದೆ ನಿಲ್ಲಬೇಕು ಎಂದುಕೊಂಡಿದ್ದವನು ನಾನು. ಸೋತ ದಿನವೇ ಮೊದಲು ಹೋಗಬೇಕೆಂದು ಈಗ ಗೊತ್ತಾಗಿದೆ.