ಹೂಂ ಎನ್ನುವ ಮಕ್ಕಳ ಭೌತಶಾಸ್ತ್ರ ತರಗತಿ

ಕೊರೊನಾ ಕಳೆದು ಕಾಲೇಜುಗಳು ಮತ್ತೆ ತೆರೆದಿದ್ದವು. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಾನು ಆಗ ಹೊಸಕೋಟೆ ತಾಲ್ಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಮೊಮ್ಮಕ್ಕಳೇ, ನಿಮ್ಮ ತಾತ ತೀರಿಕೊಂಡು ಆರು ವರ್ಷವಾಗಿತ್ತು. ಸಮೇತನಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಬಂದವಳು ನಾನು. ಕಪ್ಪುಹಲಗೆಯ ಮುಂದೆ ಬಿಟ್ಟರೆ ಬೇರೆಲ್ಲೂ ನಾಲ್ಕು ಜನರ ನಡುವೆ ಬಾಯಿ ಬಿಡುತ್ತಿರಲಿಲ್ಲ. ಅದಕ್ಕೆ ನೀವು ಈಗಲೂ ನಗುತ್ತೀರಿ.

ಆ ವರ್ಷ ಪ್ರಾಂಶುಪಾಲರು ನಾಲ್ಕು ಮಕ್ಕಳನ್ನು ನನಗೆ ಒಪ್ಪಿಸಿದರು. ನಾಲ್ವರೂ ಕೋಲೆ ಬಸವನನ್ನು ಆಡಿಸುವ ಅಲೆಮಾರಿ ಮನೆಗಳವರು. ಪಿಲ್ಲಗುಂಪೆಯ ಕಾರ್ಖಾನೆಗಳ ಹಿಂದಿನ ಖಾಲಿ ಜಾಗದಲ್ಲಿ ಅವರ ಟಾರ್ಪಾಲಿನ ಗುಡಾರಗಳಿದ್ದವು. ಮಕ್ಕಳು ಓದುತ್ತಿದ್ದದ್ದು ಹಾಸ್ಟೆಲಿನಲ್ಲಿ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದು ವಿಜ್ಞಾನ ತೆಗೆದುಕೊಂಡಿದ್ದರು. ಪಿಯುಸಿಯಲ್ಲಿ ಎಲ್ಲವೂ ಇಂಗ್ಲಿಷ್. ಅವರನ್ನು ಬಿ.ಎಸ್ಸಿ.ಗೆ ಸಿದ್ಧಗೊಳಿಸಲು ಸಂಜೆ ಒಂದು ತರಗತಿ ನಡೆಸಬೇಕಿತ್ತು.

ಅವರಲ್ಲಿ ಸುಬ್ಬಲಕ್ಷ್ಮಿಯ ತಲೆಯೇ ಬೇರೆ. ಒಂದು ದಿನ ಕಾರಿಡಾರಿನಲ್ಲಿ ಹಿಂದೆ ಬಂದು ಕೇಳಿದಳು: “ಮಿಸ್, ನಾಯ್ನ ಡೋಲು ಹೊಡೆದ್ರೆ ಫ್ಯಾಕ್ಟ್ರಿ ಗೋಡೆಯಿಂದ ಸದ್ದು ವಾಪಸ್ ಬರುತ್ತೆ. ಆ ಸದ್ದಿನ ಮೇಲೇ ಮುಂದಿನ ಏಟು ಬೀಳೋ ಹಂಗೆ ಬಾರಿಸಿ, ನಿಮಿಷಕ್ಕೆ ಎಷ್ಟು ಏಟು ಅಂತ ಎಣಿಸಿದ್ರೆ, ಗೋಡೆ ಎಷ್ಟು ದೂರ ಅಂತ ಲೆಕ್ಕ ಹಾಕ್ಬೋದಲ್ವಾ?” ನಾಯ್ನ ಅಂದರೆ ಅವರ ತೆಲುಗಿನಲ್ಲಿ ಅಪ್ಪ. ಪ್ರತಿಧ್ವನಿಯಿಂದ ದೂರವನ್ನೋ ಶಬ್ದದ ವೇಗವನ್ನೋ ಅಳೆಯುವ ಈ ವಿಧಾನವನ್ನು ನಾನು ಕಲಿತದ್ದು ಪದವಿ ತರಗತಿಯಲ್ಲಿ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಊರೂರು ಸುತ್ತುವುದರಲ್ಲಿ ಎರಡು ವರ್ಷ ಕಳೆದುಕೊಂಡಿದ್ದ ಅವಳಿಗೆ ಆಗಲೇ ಹತ್ತೊಂಬತ್ತು. ಅಪ್ಪ ವೆಂಕಟಪ್ಪ ನನ್ನೆದುರೇ ಒಂದು ಮಾತು ಕೊಟ್ಟಿದ್ದ: ಎರಡನೇ ಪಿಯುಸಿ ಪಾಸಾದರೆ ಮುಂದೆ ಓದು, ಫೇಲಾದರೆ ಮದುವೆ.

ಎರಡು ವರ್ಷ ಪಾಠ ಸರಾಗವಾಗಿ ನಡೆಯಿತು. “ಅರ್ಥ ಆಯ್ತಾ?” ಎಂದರೆ ನಾಲ್ವರೂ ಒಟ್ಟಿಗೆ “ಆಯ್ತು ಮಿಸ್” ಎನ್ನುತ್ತಿದ್ದರು. ಮೊದಲ ವರ್ಷದ ಪರೀಕ್ಷೆಯನ್ನು ನೋಟ್ಸ್ ಬಾಯಿಪಾಠ ಮಾಡಿ ದಾಟಿದ್ದರು. ಆಮೇಲೆ ಎರಡನೇ ವರ್ಷದ ಪೂರ್ವಸಿದ್ಧತಾ ಪರೀಕ್ಷೆ ಬಂತು. ಸುಬ್ಬಲಕ್ಷ್ಮಿಗೆ ಎಪ್ಪತ್ತಕ್ಕೆ ಹನ್ನೊಂದು. ಉಳಿದ ಮೂವರದು ಅದಕ್ಕಿಂತ ಕಡಿಮೆ. ಸ್ಟಾಫ್ ರೂಮಿನಲ್ಲಿ ಕೂತು ಉತ್ತರಪತ್ರಿಕೆಗಳನ್ನು ಇನ್ನೊಮ್ಮೆ ತಿರುವಿಹಾಕಿದೆ. ವಾರ್ಷಿಕ ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ.

ಮರುದಿನವೇ ಗುಡಾರಗಳಿಗೆ ಹೋದೆ. ವೆಂಕಟಪ್ಪ ಎಳೆಯ ಬಸವನೊಂದಕ್ಕೆ ತಲೆಯಾಡಿಸುವುದನ್ನು ಕಲಿಸುತ್ತಿದ್ದ. “ಮಳೆ ಬರ್ತದಾ ರಾಮ? ಅಮ್ಮಾವ್ರಿಗೆ ಒಳ್ಳೇದಾಗ್ತದಾ?” ಹಗ್ಗದ ಸಣ್ಣ ಜಗ್ಗಿಗೆ ರಾಮ ಹೂಂ ಎಂದು ತಲೆದೂಗುತ್ತಿತ್ತು.

ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ: “ಇಲ್ಲ ಅನ್ನೋದನ್ನ ಕಲಿಸಲ್ವಾ?”

ಅವನು ಜೋರಾಗಿ ನಕ್ಕ. “ಬಾಗ್ಲಲ್ಲಿ ನಿಂತು ಇಲ್ಲ ಅಂದ್ರೆ ಯಾರು ಅಕ್ಕಿ ಹಾಕ್ತಾರೆ ಅಮ್ಮಾವ್ರೆ? ನಮ್ ಮಕ್ಳಿಗೂ ಅಷ್ಟೇಯ. ಕೇಳ್ದೋರು ದೊಡ್ಡೋರು. ಅವ್ರ ಮುಂದೆ ಇಲ್ಲ ಅನ್ಬಾರ್ದು ಅಂತ್ಲೇ ಬೆಳೆಸಿದೀವಿ.”

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ನನ್ನ ತರಗತಿಯಲ್ಲಿ ಎರಡು ವರ್ಷ ನಡೆದದ್ದು ಇದೇ. ಪ್ರಶ್ನೆ ಕೇಳಿದ್ದು ನಾನು, ತಲೆಯಾಡಿಸಿದ್ದು ಅವರು.

ಮಾರನೆಯ ಸಂಜೆ ಹೊಸ ನಿಯಮ ಮಾಡಿದೆ. ಯಾರೂ ‘ಆಯ್ತು’ ಎನ್ನಬಾರದು. ಎಲ್ಲಿಂದ ಅರ್ಥವಾಗಿಲ್ಲವೋ ಅಲ್ಲಿಗೆ ಬೆರಳಿಟ್ಟು ‘ಇಲ್ಲ’ ಎನ್ನಬೇಕು. ಮೂರು ದಿನ ನಾಲ್ವರೂ ಪುಸ್ತಕ ನೋಡುತ್ತಾ ಕೂತರು. ಚೆನ್ನಕೇಶವ ಎಂಬ ಹುಡುಗ ಮಾತ್ರ ಹಿಂದಿನಿಂದ, “ಮಿಸ್, ಇಲ್ಲ ಅಂದ್ರೆ ಎಷ್ಟು ಮಾರ್ಕ್ಸು?” ಎಂದ. ಎಲ್ಲರೂ ನಕ್ಕರು, ಆದರೆ ಯಾರೂ ಸಾಲಿನ ಮೇಲೆ ಬೆರಳಿಡಲಿಲ್ಲ. ನಾಲ್ಕನೆಯ ದಿನ ಸುಬ್ಬಲಕ್ಷ್ಮಿ ಎದ್ದು ನಿಂತಳು. ಬೆರಳು ಪುಸ್ತಕದ ಮೇಲಿತ್ತು.

“ಇಲ್ಲ ಮಿಸ್. ಮೊದ್ಲನೇ ಲೈನಿಂದ್ಲೇ. ಈ ‘ನೆಗ್ಲೆಕ್ಟಿಂಗ್’ ಅಂದ್ರೆ ಏನು? ಎಲ್ಲಾ ಲೆಕ್ಕದಲ್ಲೂ ಇರುತ್ತೆ.”

‘ಲೆಕ್ಕಕ್ಕೆ ತೆಗೆದುಕೊಳ್ಳದೆ’ ಎಂದು ಹೇಳಿದೆ. ಅವಳು ಕೂತು ಅಳತೊಡಗಿದಳು. ಲೆಕ್ಕ ಅವಳಿಗೆ ಬರುತ್ತಿತ್ತು. ಪ್ರಶ್ನೆ ಏನು ಕೇಳುತ್ತಿದೆ ಎಂಬುದು ತಿಳಿಯುತ್ತಿರಲಿಲ್ಲ. ಅಂದಿನಿಂದ ಪುಸ್ತಕದ ಪ್ರತಿ ಸಾಲನ್ನೂ ಬಿಡಿಸಿ ಓದಿದೆವು. ಪರೀಕ್ಷೆ ಬಂದಾಗ ಅರ್ಧ ಪುಸ್ತಕ ಮಾತ್ರ ಮುಗಿದಿತ್ತು.

ಫಲಿತಾಂಶದ ದಿನ ಚೆನ್ನಕೇಶವ ಒಬ್ಬನೇ ಅಂಚಿನಲ್ಲಿ ಪಾಸಾದ. ಸುಬ್ಬಲಕ್ಷ್ಮಿ ಭೌತಶಾಸ್ತ್ರವೊಂದರಲ್ಲಿ ನಾಲ್ಕು ಅಂಕಕ್ಕೆ ಫೇಲಾದಳು. ಕೆಲವೇ ವಾರಗಳಲ್ಲಿ ಮರುಪರೀಕ್ಷೆ ಇದೆ ಎಂದು ಹೇಳಲು ಗುಡಾರಕ್ಕೆ ಓಡಿದೆ. ಅಲ್ಲಿ ಕೋಲಾರದ ಕಡೆಯ ಗಂಡಿನವರು ಆಗಲೇ ಕಂಬಳಿಯ ಮೇಲೆ ಕೂತಿದ್ದರು. ವೆಂಕಟಪ್ಪನ ಕಡೆಯವರು ಬೇರೆ ಊರಿಗೆ ಹೊರಡಲು ಗುಡಾರಗಳ ಗೂಟ ಕೀಳುತ್ತಿದ್ದರು.

“ವೆಂಕಟಪ್ಪ, ಇನ್ನೊಂದು ಪರೀಕ್ಷೆ ಇದೆ,” ಎಂದೆ.

“ಮಾತು ಮಾತೇ ಅಮ್ಮಾವ್ರೆ. ನೀವೇ ಸಾಕ್ಷಿ ಇದ್ರಲ್ಲ.”

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ. ಅಷ್ಟು ಗಂಡಸರ ನಡುವೆ ಸೆರಗು ಹಿಡಿದು ನಿಂತಿದ್ದೆ. ಎಲ್ಲ ಕಳೆದುಹೋಯಿತು ಎಂದುಕೊಂಡೆ.

ಹಿರಿಯರ ಎದುರು ಹುಡುಗಿಯನ್ನು ಒಂದು ಮಾತು ಕೇಳುವುದು ಅವರ ಪದ್ಧತಿ. ಉತ್ತರ ಎಲ್ಲರಿಗೂ ಗೊತ್ತಿರುತ್ತದೆ. ವೆಂಕಟಪ್ಪ ಗುಡಾರದ ಕಡೆ ತಿರುಗಿ, “ಏಮ್ಮಾ, ಸರೇನಾ?” ಎಂದ. ಸರಿಯೇನಮ್ಮಾ, ಅಷ್ಟೇ.

ಸುಬ್ಬಲಕ್ಷ್ಮಿ ಹೊರಗೆ ಬಂದಳು. ಅಪ್ಪನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ತೆಲುಗಿನಲ್ಲಲ್ಲ, ನಮ್ಮ ತರಗತಿಯ ಕನ್ನಡದಲ್ಲಿ ಹೇಳಿದಳು: “ಇಲ್ಲ ನಾಯ್ನಾ.”

ಗೂಟ ಕೀಳುತ್ತಿದ್ದವರ ಕೈಗಳು ನಿಂತವು. ಗಂಡಿನ ಸೋದರಮಾವ ಟವೆಲ್ ಕೊಡವಿ ಎದ್ದ. “ಮೇಡಮ್ಮು ಪಾಠ ಚೆನ್ನಾಗೇ ಕಲಿಸವ್ರೆ ಕಣಪ್ಪಾ. ನಡೀರಿ.”

ವೆಂಕಟಪ್ಪ ಗುಡಾರದೊಳಗೆ ಹೋದ. ಆಮೇಲೆ ಮಗಳ ಬಟ್ಟೆಯ ಗಂಟನ್ನು ತಂದು ನನ್ನ ಕಾಲ ಬಳಿ ಇಟ್ಟ. ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಸಂಜೆಯೊಳಗೆ ಆ ಜಾಗ ಖಾಲಿಯಾಯಿತು.

ಹಾಸ್ಟೆಲಿಗೆ ರಜೆ. ಆ ಬೇಸಿಗೆ ನಮ್ಮ ಮನೆಯ ಮಹಡಿ ಕೋಣೆಯಲ್ಲಿದ್ದು, ನಿಮ್ಮ ಜೊತೆ ಚೌಕಾಬಾರ ಆಡಿ ಯಾವಾಗಲೂ ಗೆಲ್ಲುತ್ತಿದ್ದ ಸುಬ್ಬಕ್ಕ ಇವಳೇ. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದು ತಟ್ಟೆ ತೊಳೆದಿಡುತ್ತಿದ್ದಳು. ಪುಸ್ತಕ ತೆರೆದರೆ ಮಾತ್ರ ಬೆರಳು ಸಾಲಿನ ಮೇಲೆ ಓಡುತ್ತಿತ್ತು, ನಿಲ್ಲುತ್ತಿತ್ತು, ‘ಇಲ್ಲ’ ಎನ್ನುತ್ತಿತ್ತು. ಮರುಪರೀಕ್ಷೆಯಲ್ಲಿ ಪಾಸಾದಳು. ಈಗ ಬಿ.ಎಸ್ಸಿ. ಓದುತ್ತಿದ್ದಾಳೆ. ಚೆನ್ನಕೇಶವ ಅಂಗಡಿಯೊಂದಕ್ಕೆ ಸೇರಿದ. ಉಳಿದಿಬ್ಬರು ಬಸವನ ಹಿಂದೆ ಹೋದರು. ವೆಂಕಟಪ್ಪನ ಗುಡಾರ ಪಿಲ್ಲಗುಂಪೆಗೆ ಮತ್ತೆ ಬರಲಿಲ್ಲ.

ಮೂವತ್ತು ವರ್ಷ ‘ಅರ್ಥ ಆಯ್ತಾ’ ಎಂದು ಕೇಳಿದ ನನಗೆ ಕೆಲಸ ಕೊನೆಯಲ್ಲಿ ಕಲಿಸಿದ್ದು ಇಷ್ಟು: ಮಗು ಇಲ್ಲ ಎನ್ನಲು ಆಗದ ಕಡೆ ಅದರ ಹೂಂಗೆ ಬೆಲೆಯಿಲ್ಲ. ಆ ಇಲ್ಲವನ್ನು ಕಲಿಸಿದರೆ ಮಗು ಅದನ್ನು ಪುಸ್ತಕದ ಮುಂದೆ ಮಾತ್ರ ಹೇಳಿ ನಿಲ್ಲಿಸುವುದಿಲ್ಲ ಎಂಬುದನ್ನೂ ಕಲಿತೆ.

ಕಳೆದ ಸಂಕ್ರಾಂತಿಗೆ ನಮ್ಮ ಬಾಗಿಲಿಗೆ ಯಾರದೋ ಕೋಲೆ ಬಸವ ಬಂತು. ಹಬ್ಬಕ್ಕೆ ಬಂದಿದ್ದ ಸುಬ್ಬಲಕ್ಷ್ಮಿ ಮೊರದಲ್ಲಿ ಅಕ್ಕಿ ಹಿಡಿದು ಹೋದಳು. ಅದರ ಹಣೆ ಮುಟ್ಟಿ ಏನೋ ಕೇಳಿದಳು. ನಾಯ್ನ ಎಂಬ ಮಾತೊಂದು ನನಗೆ ಕೇಳಿಸಿತು. ಬಸವ ದೊಡ್ಡದಾಗಿ ತಲೆಯಾಡಿಸಿತು. ಒಳಗೆ ಬಂದು ಮೊರವನ್ನು ಗೋಡೆಗೆ ತೂಗುಹಾಕುತ್ತಾ ಹೇಳಿದಳು:

“ಅದು ಹೂಂ ಅಂತ್ಲೇ ಅನ್ನುತ್ತೆ ಮಿಸ್. ಅದಕ್ಕೆ ಇನ್ನೊಂದನ್ನ ಯಾರೂ ಕಲಿಸಿಲ್ಲ.”