ಮೇಲಕ್ಕೆ ತಿರುಗದ ಅಂಗೈ

ಮೊದಲು ನೋವಾಗಲೇ ಇಲ್ಲ. ನಗು ಬಂತು.

ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಹತ್ತು ಮಾರು ಜಾರಿದ್ದೆ, ಅಷ್ಟೇ. ಮುಗ್ಗರಿಸಿದೆ. ಬೀಳುವಾಗ ಎಲ್ಲರೂ ಮಾಡುವಂತೆ ಬಲಗೈ ಊರಿದೆ. ಎದ್ದು ಕೂತು, ಕೆಳಗೆ ನಿಂತಿದ್ದ ಸುನೀತಾಳಿಗೆ ಏನೂ ಆಗಿಲ್ಲ ಎಂದು ಕೈ ಬೀಸಲು ಹೋದೆ. ಅವಳು ನೇಪಾಳದವಳು, ನನ್ನ ಜೊತೆ ಕೆಲಸಕ್ಕಿದ್ದವಳು. ಕೈ ಮೇಲಕ್ಕೇನೋ ಬಂತು, ಆದರೆ ಬೀಸಲಾಗಲಿಲ್ಲ. ಗ್ಲೌಸ್ ತೆಗೆದು ನೋಡಿದರೆ ಮಣಿಕಟ್ಟಿನ ಹತ್ತಿರ ಕೈ ಸೌಟಿನ ಹಾಗೆ ಬಾಗಿತ್ತು.

ಆಮೇಲೆ ನೋವಾಯಿತು.

ನಾನು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನವಳು. ನಮ್ಮದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ನಮ್ಮ ಕಡೆ ಹಿಮ ಎಂದರೆ ಫ್ರಿಜ್ಜಿನ ಮೇಲಿನ ಖಾನೆ. ಸ್ಕಂದಗಿರಿ ಇಳಿಯುವಾಗಲೇ ಅರ್ಧ ದಾರಿ ಕೂತು ಜಾರಿದವಳಿಗೆ ಸ್ನೋಬೋರ್ಡಿಂಗ್ ಯಾಕೆ ಬೇಕಿತ್ತು ಎಂದು ಊರಿನಲ್ಲಿ ಈಗಲೂ ಕೇಳುತ್ತಾರೆ. ಬೇಕಿತ್ತು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ದ ನನಗೆ ಜಪಾನಿನ ಒಂದು ಸ್ಕೀ ರೆಸಾರ್ಟಿನಲ್ಲಿ ಚಳಿಗಾಲದ ಸೀಸನ್ನಿಗೆ ಊಟ ಬಡಿಸುವ ಕೆಲಸ ಸಿಕ್ಕಿತ್ತು. ಮೂರು ತಿಂಗಳು ಗಾಜಿನಾಚೆ ಜನ ಜಾರುವುದನ್ನು ನೋಡುತ್ತಾ ಸೂಪು ಬಡಿಸಿದ್ದೆ. ಒಂದು ರಜೆಯ ದಿನ ನಾನೂ ಹಲಗೆ ಬಾಡಿಗೆಗೆ ತೆಗೆದುಕೊಂಡೆ. ಆ ಹತ್ತು ಮಾರಿನ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮ ಫೋನಿಗೆ ಜಪಾನಿ ಭಾಷೆಯಲ್ಲಿ ಹೇಳಿದರು, ಫೋನು ನನಗೆ ಇಂಗ್ಲಿಷಿನಲ್ಲಿ ಹೇಳಿತು. ಡಿಸ್ಟಲ್ ರೇಡಿಯಸ್ ಫ್ರ್ಯಾಕ್ಚರ್. ಸರ್ಜರಿ ಆಗಬೇಕು. ಆಯಿತು. ಒಂದು ಪ್ಲೇಟು, ಏಳು ಸ್ಕ್ರೂ.

ಮನೆಗೆ ತಿಳಿಸಲಿಲ್ಲ.

ಫೋನನ್ನು ನೀರಿನ ಬಾಟಲಿಗೆ ಒರಗಿಸಿ, ಬಲಗೈಯನ್ನು ಮೇಜಿನ ಕೆಳಗಿಟ್ಟುಕೊಂಡು ವಿಡಿಯೋ ಕಾಲ್ ಮಾಡುತ್ತಿದ್ದೆ. ಐದು ದಿನ ನಡೆಯಿತು. ಬುದ್ಧಿವಂತೆ ಎಂದುಕೊಂಡಿದ್ದೆ. ಆರನೆಯ ದಿನ ಮಾತಿನ ಮಧ್ಯೆ ಹಸಿವಾಗಿ, ಮೈಮರೆತು ಒಂದು ಬನ್ ಎತ್ತಿಕೊಂಡು ಕಚ್ಚಿದೆ. ಅಮ್ಮ ಫೋನಿನ ಹತ್ತಿರಕ್ಕೆ ಮುಖ ತಂದರು.

“ಎಡಗೈಲಿ ಯಾಕೇ ತಿಂತಾ ಇದೀಯ?”

“ಇಲ್ಲಿ ಎಲ್ರೂ ಹಂಗೇ ತಿಂತಾರಮ್ಮ.”

“ಅವರು ತಿನ್ಲಿ. ನೀನ್ಯಾಕೆ ತಿಂತಾ ಇದೀಯ? ಬಲಗೈ ತೋರ್ಸು.”

ತೋರಿಸಿದೆ. ಅಮ್ಮನ ಹಿಂದಿನಿಂದ ಅಜ್ಜಿ ಬಗ್ಗಿ ನೋಡಿ, ಗಾಬರಿಯಾದಾಗ ಬರುವ ತೆಲುಗಿನಲ್ಲಿ, “ಅಯ್ಯೋ ನಾ ತಲ್ಲೀ, ಚೆಯ್ಯಿ ವಿರಗ್ಗೊಟ್ಟುಕುಂದೇ!” ಎಂದು ಕೂಗಿದರು. ಕೈ ಮುರಿದುಕೊಂಡುಬಿಟ್ಟಳಲ್ಲ ಎಂದು. ಏಳು ಸ್ಕ್ರೂಗಳಿಗೆ ಅಳದಿದ್ದವಳು ಅದನ್ನು ಕೇಳಿ ಗಳಗಳನೆ ಅತ್ತುಬಿಟ್ಟೆ.

ಸೀಸನ್ ಮುಗಿಯಿತು, ಊರಿಗೆ ಬಂದೆ. ಬೆರಳು ಮಡಚುತ್ತಿದ್ದವು. ಪೆನ್ನು ಹಿಡಿಯುತ್ತಿದ್ದೆ. ಎಲ್ಲ ಸರಿಹೋಯಿತು ಎಂದುಕೊಂಡು ಮೊದಲ ದಿನ ಊಟಕ್ಕೆ ಕೂತಾಗ ತಿಳಿಯಿತು, ಅಂಗೈ ಮೇಲಕ್ಕೆ ತಿರುಗುತ್ತಿಲ್ಲ. ನೆಲ ನೋಡುತ್ತಿದ್ದ ಅಂಗೈ ನೆಲವನ್ನೇ ನೋಡುತ್ತಿತ್ತು. ತುತ್ತನ್ನು ಬಾಯಿಗೆ ತರಬೇಕಾದರೂ ಕೈ ಅಷ್ಟಿಷ್ಟು ತಿರುಗಬೇಕು ಎಂದು ಇಪ್ಪತ್ತಾರು ವರ್ಷ ಉಂಡವಳಿಗೆ ಗೊತ್ತೇ ಇರಲಿಲ್ಲ. ಕಂಡಕ್ಟರ್ ಕೊಡುವ ಚಿಲ್ಲರೆ, ದೇವಸ್ಥಾನದ ತೀರ್ಥ, ಯಾವುದನ್ನೂ ಬಲಗೈಯಲ್ಲಿ ತೆಗೆದುಕೊಳ್ಳಲು ಆಗುತ್ತಿರಲಿಲ್ಲ. ಎಡಗೈ ಚಾಚಿದರೆ ಅರ್ಚಕರು ಉದ್ಧರಣೆ ಹಿಡಿದುಕೊಂಡು ಹಾಗೇ ನಿಂತುಬಿಡುತ್ತಿದ್ದರು.

ಇನ್ನೊಂದು ವಿಷಯವಿತ್ತು. ನನ್ನ ಕೆಲಸವೇ ಅಂಗೈಯದು. ಅಂಗೈ, ಮುಂಗೈಗಳ ಮೇಲೆ ಒಟ್ಟಿಗೆ ಮೂರು ತಟ್ಟೆ ಹೊರಬೇಕು. ಸೆಪ್ಟೆಂಬರಿನೊಳಗೆ ತಿಳಿಸಿದರೆ ಮುಂದಿನ ಚಳಿಗಾಲಕ್ಕೂ ನನ್ನ ಜಾಗ ಉಳಿಸಿಕೊಳ್ಳುತ್ತೇವೆ ಎಂದು ಮ್ಯಾನೇಜರ್ ಮೇಲ್ ಮಾಡಿದ್ದರು. ಆ ಜಾಗ ನನಗೆ ಬೇಕಿತ್ತು. ಬೇಡವೆಂದು ಮನಸ್ಸಿಗೆ ಎಷ್ಟು ಹೇಳಿಕೊಂಡರೂ ಬೇಕಿತ್ತು.

ಚಿಕ್ಕಬಳ್ಳಾಪುರದಲ್ಲಿ ಫಿಸಿಯೋಥೆರಪಿ, ವಾರಕ್ಕೆ ಮೂರು ಸಲ. ಫಿಸಿಯೋ ಮೇಡಂ ನನಗಿಂತ ಚಿಕ್ಕವರು, ನಗುತ್ತಲೇ ಕೈ ತಿರುಚುವವರು. ಅಂಗೈ ಮೇಲಕ್ಕೆ ತಿರುಗೋದಕ್ಕೆ ಸುಪಿನೇಷನ್ ಅಂತಾರೆ, ಬರೋದು ನಿಧಾನ ಎಂದರು. ಮನೆಯಲ್ಲಿ ಸುತ್ತಿಗೆ ಹಿಡಿದುಕೊಂಡು ಅದರ ಭಾರಕ್ಕೆ ಕೈಯನ್ನು ಹೊರಗೆ ವಾಲಿಸಬೇಕಂತೆ. ಸುತ್ತಿಗೆ ತೋಟದ ಶೆಡ್ಡಿನಲ್ಲಿತ್ತು. ಅಮ್ಮ ಮುದ್ದೆ ಕೋಲು ತಂದುಕೊಟ್ಟರು. ಬೆಳಿಗ್ಗೆ ಅದು ನನ್ನ ಕೈಯಲ್ಲಿ ವಾಲುವುದು, ಮಧ್ಯಾಹ್ನ ಅಮ್ಮನ ಕೈಯಲ್ಲಿ ತಿರುಗುವುದು.

ಒಂದು ಸಂಜೆ ನೋವು ಜಾಸ್ತಿಯಾಗಿ ಮುಲಾಮು ಹಚ್ಚಿಕೊಂಡು ಹುಳು ಮನೆಯ ಕಡೆ ಹೋದೆ. ಅಪ್ಪ ಬಾಗಿಲಲ್ಲೇ ತಡೆದರು.

“ಅಲ್ಲೇ ನಿಂತ್ಕೊಳ್ಳಮ್ಮ. ಏನ್ ಹಚ್ಕೊಂಡು ಬಂದಿದೀಯ?”

“ನೋವಿಗೆ ಅಪ್ಪ.”

“ನಿಂಗೆ ನೋವು ಹೋಗುತ್ತೆ, ನಂಗೆ ಬೆಳೆ ಹೋಗುತ್ತೆ. ನಾಲ್ಕನೇ ಜ್ವರ ಎದ್ದು ಸೊಪ್ಪು ತಿಂತಾ ಅವೆ. ಈ ಘಾಟು ಬಿದ್ರೆ ಬಾಯಿ ಮುಚ್ಕೊಂಡ್ಬಿಡ್ತವೆ.”

ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲಿನ ವಾರ ಮನೆಯವರ ಪ್ರಾಣವೆಲ್ಲ ಹುಳುವಿನ ಬಾಯಲ್ಲಿ. ಊದುಬತ್ತಿ ಹಚ್ಚುವಂತಿಲ್ಲ, ಪೌಡರ್ ಹಾಕುವಂತಿಲ್ಲ. ನನ್ನ ಮುಲಾಮು ಪಕ್ಕದ ಮನೆಗೆ ಹೋಯಿತು. ಮಗಳ ಕೈಗಿಂತ ಹುಳುವೇ ಹೆಚ್ಚಾಯಿತಾ ಎಂದು ಮುನಿಸಿಕೊಂಡೆ. ಅಮ್ಮ ಬಿಸಿನೀರಿನ ಬಕೆಟ್ ತಂದಿಟ್ಟು, “ಇದರಲ್ಲಿ ಅದ್ಕೊಂಡು ಕೂತ್ಕೋ, ಇದಕ್ಕೆ ವಾಸನೆ ಇಲ್ಲ” ಎಂದರು.

ಗೂಡು ಬಿಡಿಸುವ ದಿನ ಬಂತು. ಹುಳುಗಳು ಗೂಡು ಕಟ್ಟಿದ ಬಿದಿರಿನ ಚಂದ್ರಿಕೆಗಳನ್ನು ನಿಲ್ಲಿಸಿ, ಒಂದೊಂದೇ ಗೂಡನ್ನು ಬಿಡಿಸಿ ಬುಟ್ಟಿಗೆ ಹಾಕಬೇಕು. ಎಲ್ಲರೂ ಬುಟ್ಟಿಯನ್ನು ಮುಂದಿಟ್ಟುಕೊಂಡರೆ, ಅಮ್ಮ ನನ್ನ ಬುಟ್ಟಿಯನ್ನು ಬಲಕ್ಕೆ ಸರಿಸಿದರು.

“ಹಿಂಗೈ ಬುಟ್ಟಿ ಅಂಚಿಗೆ ತಾಕ್ಬೇಕು. ತಾಕಿದ್ಮೇಲೇ ಗೂಡು ಬಿಡು.”

ಅಂದರೆ ಪ್ರತಿ ಗೂಡಿಗೂ ಕೈ ಹೊರಳಬೇಕು. ಮೊದಲ ಚಂದ್ರಿಕೆ ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು. ಮೊಣಕೈ ಎತ್ತಿ ಕಳ್ಳಾಟ ಆಡಿದರೆ ಅಜ್ಜಿ ಹಿಂದಿನಿಂದ ತಟ್ಟುತ್ತಿದ್ದರು. ಸಂಜೆಯ ಹೊತ್ತಿಗೆ ಹಿಂಗೈ ಅಂಚಿಗೆ ತಾಕದಿದ್ದರೂ ಹತ್ತಿರ ಹೋಗುತ್ತಿತ್ತು. ಇದನ್ನೆಲ್ಲ ಕೇಳಿದ ಫಿಸಿಯೋ ಮೇಡಂ, “ನಿಮ್ಮಮ್ಮಂಗೆ ನಮ್ಮ ಕ್ಲಿನಿಕ್ಕಲ್ಲೇ ಒಂದು ಕುರ್ಚಿ ಹಾಕ್ಕೊಡ್ತೀನಿ” ಎಂದರು. ಮುಂದಿನ ಬೆಳೆಯಲ್ಲಿ ಹಿಂಗೈ ಬುಟ್ಟಿಯ ಅಂಚಿಗೆ ತಾಕಿತು. ಅದೇ ವಾರ ಬಲಗೈಯಲ್ಲಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಯಾರ ಸಹಾಯವೂ ಇಲ್ಲದೆ ನುಂಗಿದೆ. ಮುದ್ದೆ ಅಷ್ಟು ರುಚಿ ಎಂದು ಗೊತ್ತಿರಲಿಲ್ಲ.

ಆಗಸ್ಟ್ ಕೊನೆಗೆ ಮೇಡಂ ಗೋನಿಯೋಮೀಟರ್ ಇಟ್ಟು ಕೈ ತಿರುಗುವ ಕೋನ ಅಳೆದರು. ಈ ಸಲ ನಗಲಿಲ್ಲ.

“ತೊಂಬತ್ತಕ್ಕೆ ಎಪ್ಪತ್ತು ಡಿಗ್ರಿ. ಒಂದು ತಿಂಗಳಿಂದ ಇಲ್ಲೇ ನಿಂತಿದೆ. ಇನ್ನು ಇಷ್ಟೇ ಇರಬಹುದು.”

ಅಂಗೈ ಪೂರ್ತಿ ಮಟ್ಟವಾಗುವುದಿಲ್ಲ. ಯಾವತ್ತೂ ಸ್ವಲ್ಪ ಒಳಕ್ಕೆ ವಾಲಿಕೊಂಡೇ ಇರುತ್ತದೆ. ಬಸ್ಸಿನಲ್ಲಿ ಅಮ್ಮನ ಪಕ್ಕ ಕೂತು ಶಿಡ್ಲಘಟ್ಟದವರೆಗೂ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅಮ್ಮ ನನ್ನ ಕೈಯನ್ನು ಹಿಡಿದು ತೊಡೆಯ ಮೇಲಿಟ್ಟುಕೊಂಡರು.

“ನಾಳೆ ಮುರುಗಮಲ್ಲಕ್ಕೆ ಹೋಗಣ. ದರ್ಗಾದಲ್ಲಿ ಸಕ್ಕರೆ ಓದಿಸ್ತೀನಿ ಅಂತ ಹರಕೆ ಹೊತ್ತಿದ್ದೆ, ನೀನು ಫೋನಲ್ಲಿ ಕೈ ತೋರ್ಸಿದ ದಿನ.”

“ಪೂರ್ತಿ ವಾಸಿ ಆಗಿಲ್ವಲ್ಲಮ್ಮ. ಈಗ್ಲೇ ಯಾಕೆ ತೀರಿಸ್ತೀಯ?”

ಅಮ್ಮ ನನ್ನನ್ನೇ ನೋಡಿದರು. “ಪೂರ್ತಿ ಅಂತ ನಾನೆಲ್ಲೇ ಕೇಳ್ಕೊಂಡೆ? ಅವಳ ಕೈಲಿ ಅವಳು ಉಣ್ಣಂಗಾಗ್ಲಿ ಅಂದೆ. ಆಗಿಲ್ವಾ?”

ಆಗಿತ್ತು. ಆಗಿ ಎರಡು ತಿಂಗಳಾಗಿತ್ತು. ನಾನು ಡಿಗ್ರಿ ನೋಡುತ್ತಾ ಕೂತಿದ್ದೆ.

ಮರುದಿನ ದರ್ಗಾದಲ್ಲಿ ಹಿರಿಯರೊಬ್ಬರು ಸಕ್ಕರೆಯ ಮೇಲೆ ಪ್ರಾರ್ಥನೆ ಓದಿ, ಒಂದು ಹಿಡಿ ತೆಗೆದು ನನ್ನ ಕಡೆ ಚಾಚಿದರು. ಯೋಚಿಸದೆ ಬಲಗೈ ಒಡ್ಡಿದೆ. ಸಕ್ಕರೆ ಹೆಬ್ಬೆರಳಿನ ಬುಡದಿಂದ ಜಾರಿ ಕಿರುಬೆರಳಿನ ಕಡೆಗೆ ಬಂದು ನಿಂತಿತು. ನಾಲ್ಕು ಕಾಳು ಚೆಲ್ಲಿರಬಹುದು, ಉಳಿದದ್ದನ್ನು ಅಲ್ಲೇ ತಿಂದೆ.

ಊರಿಗೆ ಬಂದವಳೇ ಮ್ಯಾನೇಜರಿಗೆ ಮೇಲ್ ಬರೆದೆ. ಸುಳ್ಳು ಹೇಳಲಿಲ್ಲ. ಮೂರು ತಟ್ಟೆ ಹೊರಲಾರೆ, ಎರಡು ಹೊರಬಲ್ಲೆ, ನಡೆಯುವುದಾದರೆ ಬರುತ್ತೇನೆ ಎಂದೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬಂತು. ಬಾ ಎಂದಿದ್ದರು. ಹಲಗೆಯ ಮೇಲೆ ಹತ್ತಬೇಡ ಎಂದೂ ಬರೆದಿದ್ದರು. ಆ ಭಾಗವನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಬೇಕಾಯಿತು.

“ಉಳಿದೋರೆಲ್ಲ ಮೂರು ಹೊರ್ತಾರೆ, ನಾನು ಎರಡೇ” ಎಂದೆ. ಗೊಣಗಿದೆ ಎಂದೇ ಹೇಳಬೇಕು.

ಅಮ್ಮ ಸೊಪ್ಪಿನ ಹೊರೆ ಇಳಿಸುತ್ತಾ ಅಂದರು, “ಎರಡು ಸಾಕು ಬಿಡೇ. ಉಣ್ಣೋರಿಗೆ ಬೇಕಾಗಿರೋದು ಒಂದೇ ತಾನೇ.”